ಒಂದು ನಿಮಿಷದ ಮೈಮರೆವು

ಮೊನ್ನೆ ಮಧ್ಯಾಹ್ನದ ವಿರಾಮದ ವೇಳೆಯಲ್ಲಿ ನಾನು ಶಾಲೆಯ ಜಗಲಿಯಲ್ಲಿ ಕುಳಿತಿದ್ದಾಗ ಏಳನೆಯ ತರಗತಿಯ ಹುಡುಗನೊಬ್ಬನು ಬಳಿಗೆ ಬಂದು, “ಸಾರ್, ಪೊಲೀಸರ ಗಾಡಿಯನ್ನೇ ಕಳ್ಳ ಹೊಡೆದುಕೊಂಡು ಹೋದರೆ ದೂರು ಕೊಡುವುದು ಯಾರಿಗೆ?” ಎಂದು ಕೇಳಿದನು. ಸುತ್ತಲಿದ್ದ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನನಗೂ ನಗು ಬಂದಿತು. ಆಗ ಆರನೆಯ ತರಗತಿಯ ಹುಡುಗಿಯೊಬ್ಬಳು ಮೆಲ್ಲನೆ, “ಗಾಡಿಯೊಳಗೆ ಬಂದೂಕವೂ ಇದ್ದರೆ?” ಎಂದಳು. ನಗು ನಿಂತುಹೋಯಿತು. ಮಕ್ಕಳಿಗೆ ಆ ಹೊತ್ತಿಗೆ ಏನೋ ಒಂದು ಸಮಾಧಾನ ಹೇಳಿ ಗಂಟೆ ಬಾರಿಸಿದೆನಾದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ತಿಂಗಳ ಬರಹಕ್ಕೆ ಅದೇ ಕಾರಣ.

ಪೊಲೀಸರ ವಾಹನ ಕಳವಾಗುವುದೆಂದರೆ ನಮಗೆ ಕಟ್ಟುಕಥೆಯಂತೆ ತೋರುತ್ತದೆ. ಆದರೆ ವಾಹನಗಳೇ ಠಾಣೆಗಳಂತಾಗಿರುವ ಅಮೆರಿಕದಂಥ ದೇಶಗಳಲ್ಲಿ ಅದು ಕೇಳರಿಯದ ಸಂಗತಿಯಲ್ಲ. ಅಲ್ಲಿಯ ಗಸ್ತುವಾಹನದಲ್ಲಿ ವೈರ್‌ಲೆಸ್, ಗಣಕಯಂತ್ರ, ತಿರುಗುವ ದೀಪ ಎಲ್ಲವೂ ಬ್ಯಾಟರಿಯಿಂದಲೇ ನಡೆಯಬೇಕು. ಬ್ಯಾಟರಿ ಇಳಿದುಹೋಗದಿರಲೆಂದು ಅಧಿಕಾರಿಯು ಎಂಜಿನ್ ಆರಿಸದೆಯೇ ಇಳಿದು ಹೋಗುವುದುಂಟು. ಒಳಗೆ ಬಂದೂಕವೂ ಇರುತ್ತದೆ. “ಇದೋ ಬಂದೆ, ಒಂದು ನಿಮಿಷ” ಎಂದು ಇಳಿದವನು ಮರಳುವಷ್ಟರಲ್ಲಿ ಸರಕಾರದ ಅಧಿಕಾರವೆಲ್ಲ ಚಕ್ರಗಳ ಮೇಲೆ ಕುಳಿತು ಬೇರೊಬ್ಬನ ಕೈವಶವಾಗಿರಬಹುದು.

2017ರ ಸೆಪ್ಟೆಂಬರಿನಲ್ಲಿ ಟೆಕ್ಸಾಸ್ ಸಂಸ್ಥಾನದ ಲಫ್ಕಿನ್ ಎಂಬ ಊರಿನಲ್ಲಿ ನಡೆದುದನ್ನು ನೋಡಿ. ಅಂಗಡಿಯಲ್ಲಿ ಕಳವು ಮಾಡಿದಳೆಂಬ ಅನುಮಾನದ ಮೇಲೆ ಹೆಂಗಸೊಬ್ಬಳಿಗೆ ಬೇಡಿ ತೊಡಿಸಿ ಗಸ್ತುವಾಹನದ ಹಿಂದಿನ ಸೀಟಿನಲ್ಲಿ ಕೂರಿಸಿದ್ದರು. ಅಧಿಕಾರಿಗಳು ವಾಹನದ ಹಿಂದೆ ನಿಂತು ಆಕೆಯ ಚೀಲವನ್ನು ಶೋಧಿಸುತ್ತಿದ್ದರು. ಆಕೆ ಬೇಡಿಯಿಂದ ಕೈ ಜಾರಿಸಿಕೊಂಡು, ನಡುವಣ ಕಿಂಡಿಯಿಂದ ಮುಂದಿನ ಸೀಟಿಗೆ ನುಸುಳಿ, ಎಲ್ಲರೂ ನೋಡುತ್ತಿದ್ದಂತೆಯೇ ವಾಹನವನ್ನು ಓಡಿಸಿಕೊಂಡು ಹೋದಳು. ಗಂಟೆಗೆ ನೂರು ಮೈಲಿಯವರೆಗೂ ಹೋದ ಆ ಓಟ ಇಪ್ಪತ್ತು ನಿಮಿಷಗಳಿಗೂ ಹೆಚ್ಚು ಕಾಲ ನಡೆಯಿತು. ನಡುವೆ ಆಕೆ ಪಕ್ಕದಲ್ಲಿದ್ದ ಅಧಿಕಾರಿಯ ಬಂದೂಕಕ್ಕೂ ಕೈ ಹಾಕಿದಳು. ಆದರೆ ಅದು ತನ್ನ ಕಟ್ಟಿನಲ್ಲಿ ಭದ್ರವಾಗಿ ಬಿಗಿಯಲ್ಪಟ್ಟಿತ್ತು, ಕೈಗೆ ಬರಲಿಲ್ಲ. ಬೇಡಿ ಸೋತಿತು, ಕಾವಲು ಸೋತಿತು, ಬಂದೂಕದ ಕಟ್ಟೊಂದು ಮಾತ್ರ ಸೋಲಲಿಲ್ಲ. ಆ ದಿನ ಕೊಲೆಯೊಂದು ನಡೆಯದೆ ಹೋದುದಕ್ಕೆ ಅದೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಅಂಥ ಬೀಗವಿಲ್ಲದೆ ಹೋದಾಗ ಏನಾಗುತ್ತದೆ? ಅದಕ್ಕೆ ಎರಡು ವರ್ಷ ಹಿಂದಿನ ಇನ್ನೊಂದು ಪ್ರಕರಣವಿದೆ. ಅಲ್ಲಿ ಕಳವಾದುದು ವಾಹನವಲ್ಲ, ಅದರೊಳಗಿನ ಆಯುಧ. 2015ರ ಜೂನ್ 27ರಂದು ಅಮೆರಿಕದ ಕೇಂದ್ರ ಸರಕಾರದ ಭೂ ನಿರ್ವಹಣಾ ಇಲಾಖೆಯ ರೇಂಜರ್ ಒಬ್ಬರು ಕುಟುಂಬಸಮೇತ ಪ್ರಯಾಣದಲ್ಲಿದ್ದವರು ಸ್ಯಾನ್ ಫ್ರಾನ್ಸಿಸ್ಕೋ ನಗರದ ಕಡಲತಡಿಯ ಬೀದಿಯಲ್ಲಿ ಕಾರನ್ನು ನಿಲ್ಲಿಸಿ ಹೋದರು. ಇಲಾಖೆಯ ಪಿಸ್ತೂಲು ಗುಂಡು ತುಂಬಿದ ಸ್ಥಿತಿಯಲ್ಲಿ ಒಂದು ಬೆನ್ನುಚೀಲದಲ್ಲಿ ಕಾರಿನೊಳಗೇ ಇತ್ತು. ಮರಳಿ ಬಂದಾಗ ಕಾರಿನ ಗಾಜು ಒಡೆದಿತ್ತು, ಚೀಲ ಇರಲಿಲ್ಲ.

ನಾಲ್ಕು ದಿನಗಳ ಬಳಿಕ, ಜುಲೈ 1ರ ಸಂಜೆ, ಅದೇ ಕಡಲತಡಿಯ 14ನೆಯ ನಂಬರಿನ ಕಟ್ಟೆಯ ಮೇಲೆ ಮೂವತ್ತೆರಡು ವಯಸ್ಸಿನ ಮಗಳೊಬ್ಬಳು ತಂದೆಯೊಡನೆ ಗಾಳಿಸವಾರಿಗೆ ಬಂದಿದ್ದಳು. ಆ ಪಿಸ್ತೂಲು ಅಷ್ಟರಲ್ಲಿ ಅಲ್ಲಿ ಕುಳಿತಿದ್ದ ಒಬ್ಬನ ಕೈ ಸೇರಿತ್ತು. ಬಟ್ಟೆಯಲ್ಲಿ ಸುತ್ತಿದ್ದುದು ಕುರ್ಚಿಯ ಕೆಳಗೆ ಸಿಕ್ಕಿತೆಂದೂ, ತಾನಾಗಿ ಹಾರಿತೆಂದೂ ಅವನ ಪಕ್ಷದ ವಾದ. ಕಾರಿನಿಂದ ಕದ್ದ ಆರೋಪ ಅವನ ಮೇಲೆ ಬರಲಿಲ್ಲ. ಹಾರಿದ ಗುಂಡು ಮೊದಲು ಕಾಂಕ್ರೀಟಿನ ನೆಲಕ್ಕೆ ತಗುಲಿ, ಅಲ್ಲಿಂದ ಪುಟಿದು, ದೂರದಲ್ಲಿದ್ದ ಆ ಮಗಳ ಬೆನ್ನಿಗೆ ನಾಟಿತು. ಆಕೆ ತಂದೆಯ ಕಣ್ಣೆದುರಿಗೇ ಕುಸಿದು ಬಿದ್ದು, ಆಸ್ಪತ್ರೆಯಲ್ಲಿ ತೀರಿಕೊಂಡಳು.

ಮುಂದೆ ದೇಶವೆಲ್ಲ ಗದ್ದಲವೆದ್ದಿತು. ಆ ಮನುಷ್ಯನು ಪರದೇಶದವನು. ಐದು ಸಲ ಗಡೀಪಾರಾದ ಮೇಲೂ ಮತ್ತೆ ಒಳಬಂದಿದ್ದವನು. ಆದುದರಿಂದ ವಾದವೆಲ್ಲ ಗಡಿಯ ಸುತ್ತಲೇ ಸುತ್ತಿತು. ಅದೂ ವಿಚಾರಿಸತಕ್ಕ ಪ್ರಶ್ನೆಯೇ, ಇಲ್ಲವೆನ್ನಲಾರೆ. ಆದರೆ ರಾಜಕಾರಣದ ವೇದಿಕೆಗಳ ಮೇಲೆ ಗಡಿಯ ಬೇಲಿಯ ಮಾತು ಕೇಳಿಬಂದಷ್ಟು ಕಾರಿನೊಳಗಿನ ಆ ಚೀಲದ ಮಾತು ಕೇಳಿಬರಲಿಲ್ಲ. 2017ರ ನವೆಂಬರ್ 30ರಂದು ಪಂಚರು ಅವನನ್ನು ಕೊಲೆಯ ಆರೋಪದಿಂದ ಬಿಡುಗಡೆ ಮಾಡಿದರು. ಆಯುಧವನ್ನು ಇಟ್ಟುಕೊಂಡ ಅಪರಾಧವೊಂದು ಮಾತ್ರ ಅಂದಿನ ತೀರ್ಪಿನಲ್ಲಿ ಉಳಿಯಿತು. ಆಕೆಯ ತಂದೆತಾಯಿಗಳು ಪಿಸ್ತೂಲನ್ನು ಬಿಟ್ಟುಹೋದ ನಿರ್ಲಕ್ಷ್ಯಕ್ಕಾಗಿ ಕೇಂದ್ರ ಸರಕಾರದ ಮೇಲೂ ದಾವೆ ಹೂಡಿದ್ದರು. 2021ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ದಾವೆಯನ್ನು ಒಪ್ಪಲಿಲ್ಲ. ಚೀಲವನ್ನು ಬಿಟ್ಟುಹೋದುದಕ್ಕೂ ಸಾವಿಗೂ ನಡುವೆ ಕದ್ದುದು, ಎಲ್ಲಿಯೋ ಬಿಟ್ಟುದು, ಇನ್ನೊಬ್ಬನು ಎತ್ತಿಕೊಂಡುದು, ಗುಂಡು ಹಾರಿದುದು ಎಂದು ಅನೇಕ ಘಟನೆಗಳು ಬಂದಿವೆ. ಕಾರಣದ ಎಳೆ ಬಹಳ ದೂರವಾಯಿತು ಎಂಬುದು ನ್ಯಾಯಾಲಯದ ಅಭಿಪ್ರಾಯ.

ನಾನು ಕಾನೂನು ಓದಿದವನಲ್ಲ. ನ್ಯಾಯಾಲಯವು ಎಲ್ಲಿಯಾದರೂ ಒಂದು ಗೆರೆ ಎಳೆಯಲೇಬೇಕು, ಇಲ್ಲವಾದರೆ ಹೊಣೆಗೆ ಕೊನೆಯೇ ಇರಲಾರದು ಎಂಬುದು ನನಗೂ ಅರ್ಥವಾಗುತ್ತದೆ. ಆದರೆ ಮನಸ್ಸಾಕ್ಷಿಯ ಲೆಕ್ಕ ಬೇರೆ. ಸರಪಳಿ ಎಷ್ಟೇ ಉದ್ದವಾಗಿರಲಿ, ಮೊದಲನೆಯ ಕೊಂಡಿ ಮೊದಲನೆಯದೇ. 2015ರ ಸೆಪ್ಟೆಂಬರಿನಲ್ಲಿ ನೆರೆಯ ಓಕ್ಲೆಂಡ್ ನಗರದಲ್ಲಿ ಮೇಲುಸೇತುವೆಯ ಕೆಳಗೆ ಗೋಡೆಚಿತ್ರ ಬರೆಯುತ್ತಿದ್ದ ಕಲಾವಿದನೊಬ್ಬನು ಗುಂಡಿಗೆ ಬಲಿಯಾದನು. ಆ ಪಿಸ್ತೂಲೂ ಸರಕಾರಿ ಅಧಿಕಾರಿಯೊಬ್ಬರ ನಿಲ್ಲಿಸಿದ ಕಾರಿನಿಂದ ಕಳವಾದುದೇ ಆಗಿತ್ತು.

ಈ ಸಾವುಗಳ ಬಳಿಕ ಕ್ಯಾಲಿಫೋರ್ನಿಯಾ ಸಂಸ್ಥಾನವು 2016ರಲ್ಲಿ ಕಾನೂನು ಮಾಡಿತು. ಯಾರೂ ಇಲ್ಲದ ವಾಹನದಲ್ಲಿ ಪಿಸ್ತೂಲನ್ನು ಬಿಡುವುದಾದರೆ ಡಿಕ್ಕಿಯಲ್ಲಿಟ್ಟು ಬೀಗ ಹಾಕತಕ್ಕದ್ದು, ಇಲ್ಲವೇ ಕಣ್ಣಿಗೆ ಬೀಳದಂತೆ ಬೀಗದ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ತಪ್ಪಿದರೆ ಸಾವಿರ ಡಾಲರುಗಳವರೆಗೆ ದಂಡ. ತುರ್ತು ಕರ್ತವ್ಯದ ಸಂದರ್ಭವೊಂದನ್ನು ಬಿಟ್ಟರೆ ಪೊಲೀಸರಿಗೂ ಇದರಿಂದ ವಿನಾಯಿತಿಯಿಲ್ಲ. ಎಂಜಿನ್ ನಡೆಯುತ್ತಿರುವಾಗಲೇ ಕೀಲಿಯನ್ನು ತೆಗೆದುಕೊಂಡು ಹೋಗುವಂಥ, ಕೀಲಿಯಿಲ್ಲದೆ ಗೇರ್ ಹಾಕಹೊರಟರೆ ಎಂಜಿನ್ ತಾನಾಗಿ ನಿಂತುಹೋಗುವಂಥ ಸಾಧನಗಳೂ ಅಲ್ಲಿ ಬಳಕೆಯಲ್ಲಿವೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂದು ಹಂಗಿಸುವುದು ಸುಲಭ. ಆದರೆ ಮುಂದಿನ ಸೂರೆಗಾದರೂ ಆ ಬಾಗಿಲು ಅಡ್ಡವಾದೀತಲ್ಲವೆ?

ಎಲ್ಲಿಯ ಅಮೆರಿಕ, ಎಲ್ಲಿಯ ನಮ್ಮ ತಾಳವಾಡಿಯ ಬೆಟ್ಟ ಎಂದು ವಾಚಕರು ಕೇಳಬಹುದು. ಕಾನೂನಿನ ಕೈತಪ್ಪಿದ ಬಂದೂಕ ಏನು ಮಾಡುತ್ತದೆಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. 1992ರಲ್ಲಿ ನಮ್ಮ ನೆರೆಯ, ಅಂದಿನ ಕೊಳ್ಳೇಗಾಲ ತಾಲ್ಲೂಕಿನ ರಾಮಾಪುರ ಠಾಣೆಯ ಮೇಲೆ ವೀರಪ್ಪನ್ ತಂಡವು ಎರಗಿ, ಪೊಲೀಸರನ್ನು ಕೊಂದು, ಆಯುಧಗಳನ್ನು ಒಯ್ದಿತು. ಅಲ್ಲಿ ಯಾರ ಮೈಮರೆವೂ ಕಾರಣವಲ್ಲ. ಅದು ರಕ್ತ ಹರಿಸಿ ಮಾಡಿದ ಸೂರೆ. 2004ರ ಅಕ್ಟೋಬರಿನಲ್ಲಿ ಅವನು ಸಾಯುವವರೆಗೂ ಸಂಜೆಯಾದ ಮೇಲೆ ಕಾಡಿನ ದಾರಿ ಹಿಡಿಯಲು ನಾವು ಅಂಜಿದ್ದನ್ನು ಹಿರಿಯರು ಮರೆತಿರಲಾರರು. ಅಂಥ ಕಾಲದಲ್ಲಿ, ಅಂಥ ಸೀಮೆಯಲ್ಲಿ, ನಾನೇ ಒಂದು ತಪ್ಪಿಗೆ ಪಾಲುಗಾರನಾದೆ. ಇಷ್ಟು ವರ್ಷ ಅದನ್ನು ಎಲ್ಲಿಯೂ ಬರೆದಿರಲಿಲ್ಲ.

1996ರಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ನಡೆದಾಗ ನಾನು ಇನ್ನೂ ಹೊಸ ಮೇಷ್ಟ್ರು. ಮತಗಟ್ಟೆಯ ಕೆಲಸಕ್ಕೆ ನೇಮಿಸಿದ್ದರು. ಮತಪೆಟ್ಟಿಗೆಗಳೊಡನೆ ಜೀಪಿನಲ್ಲಿ ಬೆಟ್ಟದ ಊರೊಂದಕ್ಕೆ ಹೊರಟೆವು. ಕಾವಲಿಗೆ ಒಬ್ಬ ಪೇದೆ ಇದ್ದರು. ದಾರಿಯಲ್ಲಿ ಒಂದು ಚಹದಂಗಡಿ ಸಿಕ್ಕಿತು. ಆ ಪೇದೆ ಇಳಿಯಲು ಅನುಮಾನಿಸಿದರು. “ಬನ್ನಿ ಅಣ್ಣಾ, ಒಂದು ನಿಮಿಷದ ಕೆಲಸ. ಇಲ್ಲಿ ಯಾರಿದ್ದಾರೆ?” ಎಂದು ಕರೆದವನು ನಾನು. ಅವರು ರೈಫಲನ್ನು ಸೀಟಿಗೆ ಒರಗಿಸಿಟ್ಟು ಇಳಿದರು. ಡ್ರೈವರೂ ಕೀಲಿಯನ್ನು ಅಲ್ಲಿಯೇ ಬಿಟ್ಟು ಇಳಿದರು. ಜೀಪು ಅಂಗಡಿಯಿಂದ ಮೂವತ್ತು ಮಾರು ದೂರದಲ್ಲಿ, ಹುಣಿಸೆಮರದ ಮರೆಯಲ್ಲಿತ್ತು.

ಚಹದ ಲೋಟ ಇನ್ನೂ ಅರ್ಧವಾಗಿತ್ತು. ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬಳು ಕೂಗಿಕೊಂಡದ್ದು ಕೇಳಿಸಿತು. ಓಡಿದೆವು. ನನ್ನದೇ ಶಾಲೆಯ ಮೂರನೆಯ ತರಗತಿಯ ಹುಡುಗ, ರಜೆಗೆಂದು ಅಜ್ಜಿಯ ಊರಿಗೆ ಬಂದಿದ್ದವನು, ಜೀಪಿನೊಳಗೆ ನಿಂತು, ರೈಫಲಿನ ನಳಿಗೆಯನ್ನು ಎರಡೂ ಕೈಗಳಿಂದ ಹಿಡಿದು, ಅದರ ಬಾಯಿಗೆ ಕಣ್ಣಿಟ್ಟು ಒಳಗೇನಿದೆಯೆಂದು ನೋಡುತ್ತಿದ್ದನು. ಅವನಿಗಿಂತ ಚಿಕ್ಕವನೊಬ್ಬನು ಸ್ಟಿಯರಿಂಗ್ ಹಿಡಿದು ಬಾಯಲ್ಲಿಯೇ ಗಾಡಿ ಬಿಡುತ್ತಿದ್ದನು. ಕೀಲಿ ಅವನ ಮೊಣಕಾಲಿನ ಬಳಿ ತೂಗಾಡುತ್ತಿತ್ತು.

ಪೇದೆಯವರು ಸದ್ದಿಲ್ಲದೆ ರೈಫಲನ್ನು ತೆಗೆದುಕೊಂಡರು. ಅವರ ಕೈ ನಡುಗುತ್ತಿತ್ತು. ನಾನು ಮಾಡಿದುದೇನು? ಹುಡುಗನನ್ನು ಕೆಳಗೆಳೆದು ಕಪಾಳಕ್ಕೆ ಒಂದು ಏಟು ಹಾಕಿದೆ. ಅಜ್ಜಿ ಹೊರೆಯನ್ನು ಕೆಳಗಿಳಿಸಿ ನನ್ನನ್ನೇ ನೋಡುತ್ತಾ, “ಮೇಷ್ಟ್ರೇ, ಹಾಲಿನ ಪಾತ್ರೆಗೆ ತಟ್ಟೆ ಮುಚ್ಚದೆ ಹೋಗಿ ಬೆಕ್ಕಿಗೆ ಹೊಡೆದರೆ ಏನು ಬಂತು?” ಎಂದಳು. ನಾನು ಉತ್ತರ ಕೊಡಲಿಲ್ಲ. ಜೀಪು ಹತ್ತಿದೆ.

ಅಂದು ಆ ಮರದ ಬಳಿಗೆ ಮಗುವಿನ ಬದಲು ಬೇರೆ ಯಾರಾದರೂ ಬಂದಿದ್ದರೆ ಜೀಪು, ರೈಫಲು, ಮತಪೆಟ್ಟಿಗೆ ಮೂರೂ ಕಾಡು ಸೇರುತ್ತಿದ್ದವು. ಆ ಪೇದೆಯವರ ನೌಕರಿ ಹೋಗುತ್ತಿತ್ತು. ಮುಂದೆ ಆ ರೈಫಲಿನಿಂದ ಯಾವ ತಾಯಿಯ ಮಗ ಸಾಯುತ್ತಿದ್ದನೋ! ಮಗುವಿನ ಬೆರಳು ನಳಿಗೆಯನ್ನು ಬಿಟ್ಟು ಕುದುರೆಯ ಮೇಲೆ ಬಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಬರೆಯಲು ಈಗಲೂ ನನ್ನ ಲೇಖನಿ ಹಿಂಜರಿಯುತ್ತದೆ. ಏನೂ ಆಗಲಿಲ್ಲ. ಏನೂ ಆಗದಿದ್ದುದರಿಂದ ಯಾರೂ ವರದಿ ಬರೆಯಲಿಲ್ಲ. ತಪ್ಪು ನನ್ನದು, ಪೆಟ್ಟು ಆ ಹುಡುಗನದು ಎಂಬಲ್ಲಿಗೆ ವಿಷಯ ಮುಗಿಯಿತು. ಅಮೆರಿಕದ ಆ ಮೊಕದ್ದಮೆಯ ವಿಷಯ ಓದಿದಾಗ ನನಗೆ ಮೊದಲು ನೆನಪಾದುದು ಆ ಅಜ್ಜಿಯ ಮಾತು. ಕೊನೆಯದಾಗಿ ಮುಟ್ಟಿದವನನ್ನು ಹಿಡಿದು ದಂಡಿಸುವುದು ಎಲ್ಲ ದೇಶಗಳಲ್ಲಿಯೂ ಸುಲಭವಾದ ದಾರಿ.

ಆ ಹುಡುಗನು ಈಗ ಎರಡು ಮಕ್ಕಳ ತಂದೆ. ಈರುಳ್ಳಿ ಸಾಗಿಸುವ ಲಾರಿಯ ಡ್ರೈವರು. ಮಗಳನ್ನು ನಮ್ಮ ಶಾಲೆಗೆ ಸೇರಿಸಲು ಬಂದ ದಿನ ಅವನನ್ನು ಒಳಗೆ ಕೂರಿಸಿ, ಅಂದಿನ ಏಟಿಗೆ ಕ್ಷಮೆ ಕೇಳಿದೆ. ಅವನು ನಾಚಿಕೊಂಡು, “ಬಿಡಿ ಸಾರ್, ಏಟು ಯಾವ ಕೆನ್ನೆಗೆ ಬಿತ್ತೋ ಅದೂ ನೆನಪಿಲ್ಲ. ಆದರೆ ಲಾರಿಯಿಂದ ಇಳಿಯುವಾಗ ಇವತ್ತಿಗೂ ಕೀಲಿ ಜೇಬಿಗೆ ಹಾಕಿಕೊಂಡೇ ಇಳಿಯುತ್ತೇನೆ” ಎಂದನು.

ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಬಂದೂಕ ಇರಲಾರದು. ಆದರೆ ಗಿಡಕ್ಕೆ ಹೊಡೆಯುವ ಔಷಧದ ಡಬ್ಬಿ ಇದೆ, ಮಚ್ಚು ಇದೆ, ಅಂಗಳದಲ್ಲಿ ಕೀಲಿಸಹಿತ ನಿಂತ ಮೋಟಾರು ಸೈಕಲ್ಲು ಇದೆ, ಟ್ರ್ಯಾಕ್ಟರು ಇದೆ, ಮುಚ್ಚಳವಿಲ್ಲದ ತೊಟ್ಟಿಯಿದೆ. “ಒಂದು ನಿಮಿಷ, ಈಗ ಬಂದೆ” ಎಂಬ ಮಾತು ಎಲ್ಲರ ಮನೆಯಲ್ಲಿಯೂ ಇದೆ. ಅಪಾಯದ ವಸ್ತು ಕೈಯಲ್ಲಿರುವಾಗ ನಾವು ಎಚ್ಚರವಾಗಿಯೇ ಇರುತ್ತೇವೆ. ಅದನ್ನು ಕೆಳಗಿಟ್ಟು ಹೊರಟಾಗಲೂ ಹೊಣೆ ನಮ್ಮೊಡನೆಯೇ ಬರುತ್ತದೆಂಬುದನ್ನು ಮರೆಯುತ್ತೇವೆ.

ಆ ಹುಡುಗನ ಪ್ರಶ್ನೆಗೆ ಮರುದಿನ ಪ್ರಾರ್ಥನೆಯ ವೇಳೆಯಲ್ಲಿ ಉತ್ತರ ಹೇಳಿದೆ. “ದೂರನ್ನು ಪೊಲೀಸರಿಗೇ ಕೊಡಬೇಕಪ್ಪ. ಅವರು ಮೊದಲು ತಮ್ಮ ಜೇಬಿನಲ್ಲಿ ಕೀಲಿ ಇದೆಯೇ ಎಂದು ನೋಡಿಕೊಳ್ಳಬೇಕು” ಎಂದೆ. ಮಕ್ಕಳು ಮತ್ತೆ ನಕ್ಕರು. ತರಗತಿಗೆ ಹೊರಟಾಗ ಬೀರುವಿನ ಕೀಲಿ ನನ್ನ ಮೇಜಿನ ಮೇಲೆಯೇ ಉಳಿದಿತ್ತು. ಹಿಂದಿರುಗಿ ಹೋಗಿ ಎತ್ತಿಕೊಂಡೆ.