ಶಾಸ್ತ್ರವೂ ಶ್ರದ್ಧೆಯೂ

ಉಡುಪಿಯ ಶ್ರೀಕೃಷ್ಣಮಠದಲ್ಲಿ 2024ರ ಜನವರಿ 18ರಂದು ಆರಂಭವಾದ ಪುತ್ತಿಗೆ ಮಠದ ಪರ್ಯಾಯವು ಎರಡು ವರ್ಷಗಳ ಅವಧಿಯನ್ನು ಪೂರೈಸಿತು. 2026ರ ಜನವರಿಯಲ್ಲಿ ಪೂಜಾಧಿಕಾರವು ಶಿರೂರು ಮಠಕ್ಕೆ ಸಂದಿತು. ಪುತ್ತಿಗೆಯ ಪರ್ಯಾಯದಲ್ಲಿ ಭಗವದ್ಗೀತೆಯನ್ನು ಸ್ವಹಸ್ತದಿಂದ ಬರೆದೊಪ್ಪಿಸುವ ಕೋಟಿಗೀತಾ ಲೇಖನ ಯಜ್ಞವು ನಡೆಯಿತು. 2025ರ ನವೆಂಬರ್ 28ರಂದು ಪ್ರಧಾನಮಂತ್ರಿಗಳ ಸಮಕ್ಷಮದಲ್ಲಿ ಲಕ್ಷಕಂಠ ಗೀತಾಪಾರಾಯಣವೂ ಜರುಗಿತು. ಒಂದು ಪುರಾತನ ಗ್ರಂಥವು ಈ ಕಾಲದ ಜನರ ಕಂಠಕ್ಕೂ ಕೈಗೂ ಹೀಗೆ ಮರಳಿ ಬಂದುದನ್ನು ಕಂಡು ಸಂತೋಷಪಡದವರು ವಿರಳ.

ಆದರೆ ಗೀತೆಯನ್ನು ಕಡಲಾಚೆಯ ನಾಡುಗಳಿಗೆ ಒಯ್ದ ಅದೇ ಯತಿಗಳಿಗೆ ಶಾಸ್ತ್ರದ ಹೆಸರಿನಲ್ಲಿಯೇ ಆಕ್ಷೇಪವು ಬಂದಿತೆಂಬುದನ್ನು ನಮ್ಮ ವಾಚಕರು ಮರೆತಿರಲಾರರು. ಪುತ್ತಿಗೆಯ ಶ್ರೀ ಸುಗುಣೇಂದ್ರತೀರ್ಥರು ವಿದೇಶಸಂಚಾರ ಮಾಡಿ ಅಮೇರಿಕೆಯಲ್ಲಿ ಕೃಷ್ಣಮಂದಿರಗಳನ್ನು ಸ್ಥಾಪಿಸಿದವರು. ಸಮುದ್ರವನ್ನು ದಾಟಿದ ಯತಿಯು ಕೃಷ್ಣನ ವಿಗ್ರಹವನ್ನು ಮುಟ್ಟಿ ಪೂಜಿಸಬಹುದೇ ಎಂಬ ಪ್ರಶ್ನೆಯು ಅವರ 2008ರ ಪರ್ಯಾಯದ ಕಾಲದಲ್ಲಿ ತೀವ್ರವಾಗಿ ಎದ್ದಿತು; ಹದಿನಾರು ವರ್ಷಗಳ ತರುವಾಯವೂ ಅದು ಪೂರ್ಣವಾಗಿ ಅಡಗಿರಲಿಲ್ಲ. ಅಷ್ಟಮಠಗಳ ಒಳಗಿನ ಮರ್ಯಾದೆಯನ್ನು ನಿರ್ಣಯಿಸುವುದು ಪತ್ರಿಕೆಯ ಕೆಲಸವಲ್ಲ. ಆದರೆ ಈ ವಿವಾದದ ಗರ್ಭದಲ್ಲಿರುವ ಪ್ರಶ್ನೆಯು ಮಠದ ಗೋಡೆಗಳೊಳಗೆ ನಿಲ್ಲುವಂಥದಲ್ಲ. ಸಾವಿರಾರು ವರ್ಷಗಳ ಹಿಂದೆ ರಚಿತವಾದ ಗ್ರಂಥವು ಇಂದಿನ ಮನುಷ್ಯನ ಸ್ವಂತ ಶ್ರದ್ಧೆಗೆ ದಾರಿತೋರಬಹುದೇ? ತೋರಬಹುದಾದರೆ, ಅದರ ಅರ್ಥವನ್ನು ಹೇಳುವವರು ಯಾರು?

ಮೊದಲು ಶಾಸ್ತ್ರವು ಏನು ಹೇಳುತ್ತದೆಂಬುದನ್ನೇ ನೋಡೋಣ. ಸಮುದ್ರಯಾನವನ್ನು ನಿಷೇಧಿಸುವ ವಚನಗಳು ಇಲ್ಲವೆಂದು ಹೇಳುವುದು ಸತ್ಯಕ್ಕೆ ಅಪಚಾರವಾದೀತು. ಬೋಧಾಯನ ಧರ್ಮಸೂತ್ರವು ಅದನ್ನು ಪತಿತನಾಗಿಸುವ ಕರ್ಮಗಳಲ್ಲಿ ಎಣಿಸಿದೆ. ಕಡಲಯಾತ್ರಿಕನನ್ನು ಶ್ರಾದ್ಧಕ್ಕೆ ಕರೆಯಲಾಗದೆಂದು ಮನುಸ್ಮೃತಿಯು ವಿಧಿಸಿದೆ. ಹಡಗೇರಿದ ದ್ವಿಜನನ್ನು ಪ್ರಾಯಶ್ಚಿತ್ತದ ಮೇಲೆಯೂ ಸೇರಿಸಿಕೊಳ್ಳಬಾರದೆಂದು ಕಲಿವರ್ಜ್ಯ ಪ್ರಕರಣದಲ್ಲಿ ಹೇಳಿದೆ. ಆದರೆ ಅದೇ ಬೋಧಾಯನನು ಇನ್ನೊಂದೆಡೆ ಉತ್ತರದೇಶದ ಐದು ಆಚಾರಗಳನ್ನೂ ದಕ್ಷಿಣದೇಶದ ಐದು ಆಚಾರಗಳನ್ನೂ ಎದುರುಬದುರಾಗಿ ಇರಿಸಿದ್ದಾನೆ. ಉಣ್ಣೆಯ ವ್ಯಾಪಾರ, ಮದ್ಯಪಾನಗಳ ಸಾಲಿನಲ್ಲಿ ಸಮುದ್ರಯಾನವು ಉತ್ತರದವರ ರೂಢಿಯಾಗಿ ಬಂದಿದೆ. ದಕ್ಷಿಣದವರ ಪಟ್ಟಿಯಲ್ಲಿರುವುದಾದರೂ ಏನು? ಹೆಂಡತಿಯೊಡನೆ ಕುಳಿತು ಊಟಮಾಡುವುದು, ತಂಗಳನ್ನವನ್ನು ಉಣ್ಣುವುದು, ಸೋದರಮಾವನ ಅಥವಾ ಸೋದರತ್ತೆಯ ಮಗಳನ್ನು ವರಿಸುವುದು, ಮುಂತಾದುವು! ಒಂದು ದೇಶದ ಆಚಾರವನ್ನು ಇನ್ನೊಂದು ದೇಶದಲ್ಲಿ ನಡೆಸುವುದು ದೋಷವೆಂದು ಹೇಳಿ, ಇದು ಸುಳ್ಳೆಂಬ ಗೌತಮನ ಮತವನ್ನೂ ಅಲ್ಲಿಯೇ ಆತನು ದಾಖಲಿಸಿದ್ದಾನೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಧರ್ಮಶಾಸ್ತ್ರಕಾರರು ತಮ್ಮತಮ್ಮಲ್ಲಿ ಭಿನ್ನಾಭಿಪ್ರಾಯವುಳ್ಳವರಾಗಿದ್ದರು, ಮತ್ತು ಆ ಭಿನ್ನತೆಯನ್ನು ಮುಚ್ಚಿಡಲು ಯತ್ನಿಸಲಿಲ್ಲ. ದೇಶಾಚಾರಕ್ಕೆ ತಕ್ಕಂತೆ ಧರ್ಮವು ಬೇರೆಯಾಗಬಹುದೆಂಬ ವಿಚಾರವು ಅವರ ಮನಸ್ಸಿನಲ್ಲಿತ್ತು. ಕಲಿವರ್ಜ್ಯದ ಕಥೆಯಂತೂ ಇನ್ನೂ ವಿಚಿತ್ರವಾದುದು. ಕಲಿಯುಗದಲ್ಲಿ ಬಿಡತಕ್ಕ ಕರ್ಮಗಳನ್ನು ಹೇಳುವ ಪ್ರಸಿದ್ಧ ಶ್ಲೋಕವೊಂದರಲ್ಲಿ ಸಂನ್ಯಾಸವೂ ಸೇರಿಕೊಂಡಿದೆ. ಆ ನಿಷೇಧಕ್ಕೆ ವ್ಯಾಖ್ಯಾನಕಾರರು ಮಿತಿಯನ್ನು ಹಾಕಿ ಸಂನ್ಯಾಸಾಶ್ರಮವನ್ನು ಉಳಿಸಿಕೊಂಡರು. ಉಳಿಸಿಕೊಂಡುದು ನಾಡಿನ ಭಾಗ್ಯವೇ ಸರಿ. ಆದರೆ ಸಂನ್ಯಾಸಕ್ಕೆ ದೊರೆತ ಔದಾರ್ಯವು ಸಮುದ್ರಯಾನಕ್ಕೆ ಮಾತ್ರ ಏಕೆ ದೊರೆಯಬಾರದು? ಒಂದು ವಚನವನ್ನು ಸಡಿಲಿಸಿ ಮತ್ತೊಂದನ್ನು ಬಿಗಿಗೊಳಿಸುವಾಗ ನಿರ್ಣಯವನ್ನು ಮಾಡುವುದು ಗ್ರಂಥವಲ್ಲ, ಗ್ರಂಥವನ್ನು ಹಿಡಿದ ಕೈ.

ಶ್ರೀಮಧ್ವಾಚಾರ್ಯರ ಊರಿನಲ್ಲಿ ಈ ಮಾತನ್ನು ಹೇಳುವುದು ಸಾಹಸವೆಂದು ಯಾರೂ ತಿಳಿಯಬೇಕಾಗಿಲ್ಲ. ವೇದವು ಅಪೌರುಷೇಯವೆಂದು ನಂಬಿದ ಆಚಾರ್ಯರೇ ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳನ್ನು ಹೇಳಿ, ಸಾಕ್ಷಿಯಿಂದ ಪರೀಕ್ಷಿತವಾದ ಪ್ರತ್ಯಕ್ಷಕ್ಕೆ ವಿರುದ್ಧವಾಗಿ ಆಗಮವನ್ನು ಅರ್ಥಮಾಡಲಾಗದೆಂದು ವಾದಿಸಿದರು. ಯಾವುದನ್ನು ಆಶ್ರಯಿಸಿ ಶಾಸ್ತ್ರವು ನಿಂತಿದೆಯೋ ಅದನ್ನೇ ಶಾಸ್ತ್ರವು ಕೆಡಿಸಲಾರದು ಎಂಬುದು ಅವರ ಉಪಜೀವ್ಯ ನ್ಯಾಯದ ತಿರುಳು. ಮಹಾಭಾರತ ತಾತ್ಪರ್ಯ ನಿರ್ಣಯದ ಎರಡನೆಯ ಅಧ್ಯಾಯದಲ್ಲಿ ಅವರು ಇನ್ನೂ ಮುಂದಕ್ಕೆ ಹೋಗಿ, ಗ್ರಂಥಗಳಲ್ಲಿ ಕೆಲವರು ಇಲ್ಲದುದನ್ನು ಸೇರಿಸಿದ್ದಾರೆ, ಕೆಲವರು ಇದ್ದುದನ್ನು ಬಿಟ್ಟಿದ್ದಾರೆ, ಕೆಲವರು ಸ್ಥಳಪಲ್ಲಟ ಮಾಡಿದ್ದಾರೆ ಎಂದು ನಿಸ್ಸಂಕೋಚವಾಗಿ ಬರೆದಿದ್ದಾರೆ. ಹದಿಮೂರನೆಯ ಶತಮಾನದಲ್ಲಿ ಪರಮಭಕ್ತರೊಬ್ಬರು ಒಪ್ಪಿದ ಈ ಮಾತನ್ನು ಒಪ್ಪಲು ಇಪ್ಪತ್ತೊಂದನೆಯ ಶತಮಾನದ ಭಕ್ತನು ಅಂಜಬೇಕೇ? ಮೇಲಾಗಿ, ಉಡುಪಿಯ ಕೃಷ್ಣನು ದ್ವಾರಕೆಯಿಂದ ಗೋಪೀಚಂದನದ ಗಡ್ಡೆಯೊಳಗೆ ಹಡಗಿನಲ್ಲಿ ಬಂದು ಮಲ್ಪೆಯ ಕಡಲಿನಲ್ಲಿ ಆಚಾರ್ಯರ ಕೈಸೇರಿದನೆಂದು ಸಂಪ್ರದಾಯವೇ ಹೇಳುತ್ತದೆ. ಹಡಗಿನಲ್ಲಿ ಬಂದ ದೇವರ ಸನ್ನಿಧಿಯಲ್ಲಿ ಹಡಗೇರಿದವನಿಗೆ ಪ್ರಶ್ನೆಯು ಬಂದುದು ಕಾಲದ ವಿನೋದವೇ ಸರಿ.

ಇಲ್ಲಿ ಒಂದು ಆಕ್ಷೇಪವು ಬರುವುದು ಸಹಜ. ಪ್ರತಿಯೊಬ್ಬನೂ ತನಗೆ ರುಚಿಸಿದ ವಚನವನ್ನು ಆರಿಸಿಕೊಂಡು ರುಚಿಸದುದನ್ನು ತಳ್ಳಿದರೆ ಶಾಸ್ತ್ರವೆಂಬುದು ಉಳಿಯುವುದೆಂತು? ಈ ಆಕ್ಷೇಪವು ಪೊಳ್ಳಲ್ಲ. ಅದಕ್ಕೆ ಉತ್ತರವು ನಮ್ಮ ಮೀಮಾಂಸೆಯಲ್ಲಿಯೇ ಇದೆ. ಒಂದು ಗ್ರಂಥದ ತಾತ್ಪರ್ಯವನ್ನು ಅರಿಯಲು ಅದರ ಉಪಕ್ರಮ ಉಪಸಂಹಾರಗಳನ್ನು, ಮತ್ತೆಮತ್ತೆ ಹೇಳಿದ ಮಾತನ್ನು, ಅಪೂರ್ವವಾದ ಅಂಶವನ್ನು, ಫಲವನ್ನು, ಸ್ತುತಿನಿಂದೆಗಳನ್ನು, ಯುಕ್ತಿಯನ್ನು ನೋಡತಕ್ಕದ್ದೆಂದು ಹಿರಿಯರು ನಿಯಮಿಸಿದರು. ಬಿಡಿ ವಚನವೊಂದನ್ನು ಕಿತ್ತು ತಂದು ಎದುರಾಳಿಯ ಮೇಲೆ ಎಸೆಯುವುದು ಈ ಕ್ರಮಕ್ಕೆ ವಿರೋಧವಾದುದು. ಸುಧಾರಕನೂ ಸನಾತನಿಯೂ ಈ ತಪ್ಪನ್ನು ಸಮಾನವಾಗಿ ಮಾಡುತ್ತಿದ್ದಾರೆಂದು ನಾವು ವಿಷಾದದಿಂದ ಹೇಳಬೇಕಾಗಿದೆ.

ಅಸ್ಪೃಶ್ಯತೆಯ ವಿಷಯವು ಇದಕ್ಕೆ ನಿದರ್ಶನ. 1934ರ ಫೆಬ್ರವರಿಯಲ್ಲಿ ಗಾಂಧೀಜಿಯವರು ಹರಿಜನಯಾತ್ರೆಯಲ್ಲಿ ಉಡುಪಿಗೆ ಬಂದಾಗ, ಬುದ್ಧಿಗೂ ನೀತಿಗೂ ಒಪ್ಪದ ವಚನವು ಶಾಸ್ತ್ರವೆನಿಸಲಾರದೆಂಬ ಅವರ ನಿಲುವು ದೇಶಕ್ಕೆಲ್ಲ ತಿಳಿದುದೇ ಆಗಿತ್ತು. ಅಂದು ಶಾಸ್ತ್ರವನ್ನು ಮುಂದೊಡ್ಡಿ ಅವರನ್ನು ಎದುರಿಸಿದವರು ನಾಡಿನಲ್ಲಿ ಬಹುಮಂದಿ. ಮೂವತ್ತೈದು ವರ್ಷಗಳ ಬಳಿಕ, 1969ರಲ್ಲಿ, ಅದೇ ಉಡುಪಿಯಲ್ಲಿ ಸೇರಿದ ವಿಶ್ವ ಹಿಂದೂ ಪರಿಷತ್ತಿನ ಸಮ್ಮೇಳನದಲ್ಲಿ, ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥರೇ ಮೊದಲಾದ ಧರ್ಮಗುರುಗಳು ಅಸ್ಪೃಶ್ಯತೆಗೆ ಶಾಸ್ತ್ರದ ಸಮ್ಮತಿಯಿಲ್ಲವೆಂದು ಸಾರಿದರು. ಈ ಮಧ್ಯೆ ಶಾಸ್ತ್ರದ ಅಕ್ಷರಗಳು ಬದಲಾಗಿರಲಿಲ್ಲ. ಓದುವ ಕಣ್ಣು ಬದಲಾಗಿತ್ತು. ಅಂತಃಕರಣವು ಮುಂದೆ ನಡೆಯಿತು, ವ್ಯಾಖ್ಯಾನವು ಹಿಂದೆ ಬಂದಿತು. ಇದರಲ್ಲಿ ಶಾಸ್ತ್ರಕ್ಕೆ ಅವಮಾನವಿಲ್ಲ. ಆದರೆ ಅಂತಃಕರಣವನ್ನು ಬಿಟ್ಟು ಶಾಸ್ತ್ರವು ತಾನಾಗಿ ನಡೆಯಲಾರದೆಂಬ ಪಾಠವು ಇದೆ.

ಈಗ ಇನ್ನೊಂದು ಮುಖವನ್ನು ನೋಡಬೇಕು. ಸ್ವತಂತ್ರ ಭಾರತದಲ್ಲಿ ಶಾಸ್ತ್ರಾರ್ಥವನ್ನು ಹೇಳುವ ಹೊಸ ಪೀಠವೊಂದು ಹುಟ್ಟಿಕೊಂಡಿದೆ, ಅದು ನ್ಯಾಯಪೀಠ. ಆಶ್ಚರ್ಯದ ಸಂಗತಿಯೆಂದರೆ, ಅದರ ಮೂಲವೂ ಉಡುಪಿಯಲ್ಲಿಯೇ ಇದೆ. ಪರ್ಯಾಯದ ವೆಚ್ಚದಿಂದ ಶಿರೂರು ಮಠವು ಸಾಲಕ್ಕೆ ಸಿಕ್ಕಿದಾಗ ಮದರಾಸಿನ ಧರ್ಮಾದಾಯ ಮಂಡಲಿಯು ಮಠದ ಆಡಳಿತಕ್ಕೆ ಕೈಹಾಕಿತು. ಆಗಿನ ಯತಿಗಳಾದ ಶ್ರೀ ಲಕ್ಷ್ಮೀಂದ್ರತೀರ್ಥರು ನ್ಯಾಯಾಲಯವನ್ನು ಸೇರಿದರು. 1954ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಂದು ಧರ್ಮದ ಅತ್ಯಾವಶ್ಯಕ ಅಂಗವು ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕೆಂದು ತೀರ್ಪಿತ್ತಿತು. ಧರ್ಮವನ್ನು ಸರಕಾರದ ಹಿಡಿತದಿಂದ ಕಾಯುವ ಉದ್ದೇಶದಿಂದ ಆಡಿದ ಈ ಮಾತು, ಕಾಲಕ್ರಮದಲ್ಲಿ ನ್ಯಾಯಾಧೀಶರೇ ಗ್ರಂಥಗಳನ್ನು ತೆರೆದು ಇದು ಅವಶ್ಯಕ, ಇದು ಅನಾವಶ್ಯಕ ಎಂದು ವಿಂಗಡಿಸುವುದಕ್ಕೆ ದಾರಿಯಾಯಿತು.

ಆ ದಾರಿಯು 2022ರಲ್ಲಿ ಮತ್ತೆ ಉಡುಪಿಗೇ ಬಂದು ಮುಟ್ಟಿತು. ಇಲ್ಲಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬಿನ ಪ್ರಶ್ನೆಯು ಎದ್ದು, ಮಾರ್ಚ್ 15ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ಅದು ಇಸ್ಲಾಮಿನ ಅತ್ಯಾವಶ್ಯಕ ಆಚರಣೆಯಲ್ಲವೆಂದು ತೀರ್ಮಾನಿಸಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನಮತವನ್ನು ಕೊಟ್ಟರು. ಅವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಧುಲಿಯಾ ಅವರು, ಗ್ರಂಥದಲ್ಲಿ ಅತ್ಯಾವಶ್ಯಕವೋ ಅಲ್ಲವೋ ಎಂಬ ಶೋಧನೆಯೇ ಇಲ್ಲಿ ಬೇಕಿರಲಿಲ್ಲ, ಇದು ಆಯ್ಕೆಯ ವಿಷಯವೆಂದು ಅಭಿಪ್ರಾಯಪಟ್ಟರು. ಶಾಲೆಯ ಸಮವಸ್ತ್ರದ ಶಿಸ್ತು ಎಷ್ಟಿರಬೇಕೆಂಬುದರಲ್ಲಿ ಸಜ್ಜನರಲ್ಲಿಯೂ ಮತಭೇದವಿದೆ. ಅದನ್ನು ಇಲ್ಲಿ ಬಗೆಹರಿಸಲು ನಾವು ಹೊರಟಿಲ್ಲ. ಆದರೆ ಒಬ್ಬ ವಿದ್ಯಾರ್ಥಿನಿಯ ಶ್ರದ್ಧೆಯ ತೂಕವನ್ನು ಶತಮಾನಗಳ ಹಿಂದಿನ ಗ್ರಂಥವಾಕ್ಯದಿಂದ ನ್ಯಾಯಾಧೀಶರು ಅಳೆಯಬೇಕಾಗಿ ಬಂದುದು ನ್ಯಾಯಕ್ಕೂ ಧರ್ಮಕ್ಕೂ ಹಿತವಲ್ಲವೆಂದು ನಮಗೆ ತೋರುತ್ತದೆ.

ಈ ಅಳತೆಗೋಲಿನ ದೋಷವು ಯಾರಿಗಾದರೂ ತಿಳಿಯಬೇಕಾಗಿದ್ದರೆ ಅವರು ಕಾಪುವಿಗೆ ಹೋಗಿ ನೋಡಲಿ. ಅಲ್ಲಿಯ ಮಾರಿಗುಡಿಗಳಿಗೆ ಮಂಗಳವಾರ ಬರುವ ಜನರ ಭಕ್ತಿಗೆ ಯಾವ ಸ್ಮೃತಿಯ ಆಧಾರವನ್ನು ಕೇಳೋಣ? ತುಳುನಾಡಿನ ದೈವಗಳ ಚರಿತ್ರೆಯು ಪಾಡ್ದನಗಳಲ್ಲಿದೆ, ಕೋಲದಲ್ಲಿ ದೈವವು ಕೊಡುವ ನುಡಿಯಲ್ಲಿದೆ, ತಾಳೆಗರಿಯಲ್ಲಿ ಇಲ್ಲ. ಗ್ರಂಥವಿದ್ದರೆ ಮಾತ್ರ ಧರ್ಮವೆಂದು ಹೇಳುವುದಾದರೆ ಈ ಕರಾವಳಿಯ ಅರ್ಧ ಶ್ರದ್ಧೆಯು ಅನಾಥವಾದೀತು.

ಇನ್ನು ಕಾರ್ಕಳದ ಕಡೆಗೆ ತಿರುಗಿದರೆ ಇದಕ್ಕೆ ಪ್ರತಿಯಾದ ಎಚ್ಚರಿಕೆಯು ದೊರೆಯುತ್ತದೆ. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಗೊಮ್ಮಟನು ಬಯಲಿನಲ್ಲಿ ಎಲ್ಲರಿಗೂ ಕಾಣುವಂತೆ ನಿಂತಿದ್ದಾನೆ. ಆದರೆ ಸಮೀಪದ ಮೂಡಬಿದಿರೆಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಗರಿಯ ಪ್ರತಿಗಳು ಬಹುಕಾಲ ದರ್ಶನಕ್ಕೆ ಮಾತ್ರ ಮೀಸಲಾಗಿದ್ದುವು. ಜನರು ಕೈಮುಗಿದರು, ಓದಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕೆಲಸವು ಮೊದಲಾಗಿ, 1939ರಿಂದ ಹೀರಾಲಾಲ ಜೈನರ ಸಂಪಾದನೆಯಲ್ಲಿ ಧವಲಾ ಟೀಕೆಯು ಮುದ್ರಣವಾಗಿ ಹೊರಬಂದ ಮೇಲೆಯೇ ಅದು ಲೋಕದ ಜ್ಞಾನವಾಯಿತು. ಪೆಟ್ಟಿಗೆಯಲ್ಲಿಟ್ಟು ಪೂಜಿಸಿದ ಗ್ರಂಥವು ಯಾರಿಗೂ ದಾರಿತೋರಲಾರದು. ಗೀತೆಯನ್ನು ಕೋಟಿ ಪ್ರತಿ ಬರೆದರೂ, ಬರೆದ ಕೈಯು ಅರ್ಥವನ್ನು ವಿಚಾರಿಸದಿದ್ದರೆ ಫಲವು ಅಷ್ಟಕ್ಕಷ್ಟೇ.

ನಮ್ಮ ಅಭಿಪ್ರಾಯವನ್ನು ಸಂಕ್ಷೇಪವಾಗಿ ಹೇಳುವೆವು. ಪುರಾತನ ಶಾಸ್ತ್ರವು ಇಂದಿಗೂ ಶ್ರದ್ಧೆಗೆ ಮಾರ್ಗದರ್ಶಿಯಾಗಬಲ್ಲುದು. ಅದನ್ನು ಮೂಲೆಗೆ ಸರಿಸಿದ ಜನಾಂಗವು ತನ್ನ ನೆನಪನ್ನೇ ಕಳೆದುಕೊಳ್ಳುವುದು. ಆದರೆ ಆ ಮಾರ್ಗದರ್ಶನವು ಓದಿ, ವಿಚಾರಿಸಿ, ಸ್ವಂತ ಇಚ್ಛೆಯಿಂದ ಅದನ್ನು ಸ್ವೀಕರಿಸಿದವನಿಗೆ ಮಾತ್ರ ಸಲ್ಲತಕ್ಕದ್ದು. ಸಮುದ್ರಯಾನವು ತನಗೆ ಸಲ್ಲದೆಂದು ನಂಬುವ ಯತಿಯು ಮನೆಯಲ್ಲಿಯೇ ಉಳಿಯಲಿ. ಆತನ ನಿಯಮನಿಷ್ಠೆಗೆ ನಮ್ಮ ಗೌರವವಿದೆ. ಆ ನಿಯಮವನ್ನು ಇನ್ನೊಬ್ಬನ ಮೇಲೆ ದಂಡವಾಗಿ ಹೇರಿದಾಗ ಶಾಸ್ತ್ರವು ಶಾಸ್ತ್ರವಾಗಿ ಉಳಿಯದೆ ಅಧಿಕಾರವಾಗುತ್ತದೆ.

ಮಣಿಪಾಲದಲ್ಲಿ 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದ ಮೇಲೆ ಈ ಜಿಲ್ಲೆಯ ಎಷ್ಟು ಮನೆಗಳ ಮಕ್ಕಳು ಕಡಲು ದಾಟಿ ಹೋಗಿ ಬಂದರು! ಅವರು ಬಂದು ತಂದೆಯ ಶ್ರಾದ್ಧವನ್ನು ಮಾಡುತ್ತಾರೆ, ತಾಯಿಯೊಡನೆ ರಥಬೀದಿಯಲ್ಲಿ ದೇವರ ಉತ್ಸವವನ್ನು ನೋಡುತ್ತಾರೆ. ಆ ಮನೆಗಳ ಹಿರಿಯರು ಬೋಧಾಯನನನ್ನು ಸುಡಲಿಲ್ಲ, ಮಗನನ್ನು ಹೊರಗಿಡಲೂ ಇಲ್ಲ. ಪಂಡಿತರ ಸಭೆಗಳೂ ನ್ಯಾಯಸ್ಥಾನಗಳೂ ಬಿಡಿಸಲಾರದ ತೊಡಕನ್ನು ಅವರು ಜಗಲಿಯಲ್ಲಿ ಕುಳಿತು ಬಿಡಿಸಿದರು. ಆ ವಿವೇಕವು ನಮ್ಮ ಪೀಠಗಳಿಗೂ ಬರಲೆಂದು ಹಾರೈಸುವೆವು.