ಹನ್ನೆರಡು ಗ್ರಾಂ ಎಲ್ಲಿ ಹೋಯ್ತು?



2013ರ ಆಹಾರ ಭದ್ರತಾ ಕಾಯ್ದೆ ಪ್ರಾಥಮಿಕ ಶಾಲೆಯ ಮಗುವಿನ ಬಿಸಿಯೂಟಕ್ಕೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಎಂದು ಬರೆಯಿತು. 2023ರಲ್ಲಿ ಕಬ್ಬಿಣ, ಜಿಂಕ್, ವಿಟಮಿನ್‌ಗಳ ಪಟ್ಟಿಯೂ ಸೇರಿತು. ಒಳ್ಳೇದು. ದುಡ್ಡೆಷ್ಟು? 2025ರ ಮೇ 1ರಿಂದ ಜಾರಿಗೆ ಬಂದ ಕೇಂದ್ರದ ದರ ಒಂದು ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ. ಅಕ್ಕಿ ಬಿಟ್ಟು ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಉರುವಲು ಎಲ್ಲ ಇದರೊಳಗೇ!

ಬೇಳೆ ಬೆಲೆ ಏರಿದರೆ ನಿಯಮ ತೆಳ್ಳಗಾಗೋದಿಲ್ಲ, ಸಾರು ತೆಳ್ಳಗಾಗುತ್ತೆ. ಹಾಸ್ಟೆಲ್ಲಿನಲ್ಲಿ ಉಂಡ ನಮಗೆ ಆ ಸಾರು ಗೊತ್ತು.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಅಂದ್ರೆ ಆ 12ರಲ್ಲಿ ಅರ್ಧ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಿಗೆ ಮೊಟ್ಟೆ ಬಂದಾಗ ಕೆಲವು ಸ್ವಾಮಿಗಳು ಬೇಡವೇ ಬೇಡ ಅಂದ್ರು. ಗಂಗಾವತಿಯ ಶಾಲಾ ಹುಡುಗಿಯರು ಎದುರು ನಿಂತು ಬೇಕೇ ಬೇಕು ಅಂದ್ರು. ನಾವು ಆ ಹುಡುಗಿಯರ ಕಡೆ. ಮಕ್ಕಳ ಬಾಯಿಂದ ಮೊಟ್ಟೆ ಕಿತ್ತುಕೊಳ್ಳೋರು ಉಳಿದ ಅರ್ಧವನ್ನ ಎಲ್ಲಿಂದ ತರ್ತಾರೆ, ಹೇಳಲಿ.

ಬಿಸಿಯೂಟ ಯಾರ ಭಿಕ್ಷೆಯೂ ಅಲ್ಲ, ಕಾನೂನು ಕೊಟ್ಟ ಹಕ್ಕು. ರಜಕ್ಕೆ ಊರಿಗೆ ಹೋದಾಗ ನಮ್ಮ ಕೇರಿಯ ಮಕ್ಕಳು ಓದೋ ಶಾಲೆಗೆ ಹೋಗೋಣ. ತಟ್ಟೆ ನೋಡೋಣ, ಲೆಕ್ಕ ಕೇಳೋಣ. ಕಾಗದದ ಹನ್ನೆರಡು ಗ್ರಾಂ ತಟ್ಟೆಗಿಳಿಯೋವರೆಗೂ ಕೇಳೋಣ.