ಗಾಡಿ ಹಡಗು ಹತ್ತುವುದಿಲ್ಲ. ಆರ್‌ಸಿಯಲ್ಲಿ ಹೆಸರು ಯಾರದು?

ವೀಸಾ ಕೈಗೆ ಬಂದ ಮೇಲೆ ಮನೆಯಲ್ಲಿ ಮೊದಲು ಲೆಕ್ಕ ಆಗುವುದು ಲಗೇಜಿನ ತೂಕ. ಕುಚ್ಚಲಕ್ಕಿ ಎಷ್ಟು, ಉಪ್ಪಿನಕಾಯಿ ಎಷ್ಟು, ಮಕ್ಕಳ ಪುಸ್ತಕ ಯಾವುದು. ಎಲ್ಲ ಕಟ್ಟಿ ಮುಗಿದು, ವಿಮಾನಕ್ಕೆ ವಾರ ಇರುವಾಗ ಯಾರಾದರೂ ಒಬ್ಬರು ಅಂಗಳದ ಕಡೆ ನೋಡಿ ಕೇಳುತ್ತಾರೆ: "ಅದೆಲ್ಲ ಸರಿ, ಈ ಗಾಡಿ ಎಂತ ಮಾಡುವುದು?"

ಕರಾವಳಿಯಲ್ಲಾದರೆ ಈ ಪ್ರಶ್ನೆಗೆ ಹತ್ತು ಜನ ಉತ್ತರ ಕೊಡುತ್ತಾರೆ. ಅಣ್ಣ ಇದ್ದಾನೆ, ಭಾವ ಇದ್ದಾರೆ, ಯಾರೋ ಓಡಿಸಿಕೊಳ್ಳುತ್ತಾರೆ. ವ್ಯಾಪಾರಕ್ಕೆಂದು ಬಂದು ಬೆಳಗಾವಿಯಲ್ಲೋ ಖಾನಾಪುರದಲ್ಲೋ ನೆಲೆಸಿದ ನಮ್ಮವರಿಗೆ ಆ ಅನುಕೂಲ ಇಲ್ಲ. ಇಲ್ಲಿ ಮನೆ ಒಂದೇ, ಬಂಧುಗಳೆಲ್ಲ ಘಟ್ಟದ ಕೆಳಗೆ. ಗಂಡ ದಮಾಮಿಗೋ ದುಬೈಗೋ ಹೋದರೆ ಉಳಿಯುವುದು ಹೆಂಡತಿ, ಮಕ್ಕಳು, ವಯಸ್ಸಾದ ಉಮ್ಮ ಮತ್ತು ಬಾಗಿಲ ಮುಂದೆ ನಿಂತ ಒಂದು ಕಾರು. ಕುಟುಂಬ ಸಮೇತ ಹೋಗುವವರಿಗಂತೂ ಕಾರೊಂದೇ ಉಳಿಯುತ್ತದೆ.

"ಅಲ್ಲಿಗೇ ಕೊಂಡು ಹೋಗಬಹುದಾ?" ಅಂತ ಕೇಳುವವರು ಈಗ ಹೆಚ್ಚಾಗಿದ್ದಾರೆ. ಹತ್ತು ಹನ್ನೆರಡು ಲಕ್ಷ ಕೊಟ್ಟು ತಂದ ಗಾಡಿ, ಸಾಲ ತೀರಿ ವರ್ಷ ಆಗಿಲ್ಲ, ಮಾರಲಿಕ್ಕೆ ಮನಸ್ಸು ಬರುವುದಿಲ್ಲ. ಮುಂಬೈ ಬಂದರು ಬೆಳಗಾವಿಗೆ ಒಂದು ರಾತ್ರಿಯ ದಾರಿ. ಹಡಗಿನಲ್ಲಿ ಕಾರು ಹೋಗುವುದೂ ಹೊಸ ಸಂಗತಿ ಅಲ್ಲ. ಕಂಟೇನರಿನಲ್ಲಿಟ್ಟು ಕಳಿಸಬಹುದು, ಇಲ್ಲವೇ ಗಾಡಿಯನ್ನೇ ಓಡಿಸಿ ಒಳಗೆ ನಿಲ್ಲಿಸುವ ಹಡಗುಗಳಿವೆ. ಸಾಗಿಸಲು ಸಾಧ್ಯ ಉಂಟು. ಇಳಿಸಿದ ಮೇಲೆ ಓಡಿಸಲಿಕ್ಕೆ ಸಾಧ್ಯ ಉಂಟಾ ಅನ್ನುವುದು ಬೇರೆ ಮಾತು.

ಸೌದಿ, ಯುಎಇ, ಕತಾರ್, ಕುವೈತ್, ಬಹರೈನ್, ಒಮಾನ್ ಈ ಆರೂ ದೇಶಗಳಲ್ಲಿ ಗಾಡಿ ಓಡುವುದು ರಸ್ತೆಯ ಬಲಗಡೆ, ಸ್ಟಿಯರಿಂಗ್ ಇರುವುದು ಎಡಗಡೆ. ನಮ್ಮದು ತದ್ವಿರುದ್ಧ. ಸೌದಿಯಲ್ಲಿ ಬಲಗಡೆ ಸ್ಟಿಯರಿಂಗ್ ಇರುವ ಕಾರಿನ ಆಮದಿಗೇ ಅವಕಾಶ ಇಲ್ಲ. ಯುಎಇಯಲ್ಲಿ ಅಂಥ ಗಾಡಿಗೆ ಸಾಮಾನ್ಯ ನಿವಾಸಿಯ ಹೆಸರಿನಲ್ಲಿ ಅಲ್ಲಿನ ನಂಬರ್ ಸಿಗುವುದಿಲ್ಲ. ಸ್ಟಿಯರಿಂಗ್ ಕಳಚಿ ಈ ಕಡೆಯಿಂದ ಆ ಕಡೆಗೆ ಹಾಕಿಸುತ್ತೇನೆ ಅನ್ನುವವರೂ ಇದ್ದಾರೆ. ಆ ಯೋಚನೆ ಬಿಟ್ಟುಬಿಡುವುದು ಒಳ್ಳೆಯದು. ಅಲ್ಲಿನ ಸೆಖೆಗೆ ತಕ್ಕ ರೇಡಿಯೇಟರ್, ಎಸಿ ಇರುವ 'ಜಿಸಿಸಿ ಸ್ಪೆಕ್' ಗಾಡಿಗೇ ಅಲ್ಲಿ ಬೆಲೆ, ಅದಕ್ಕೇ ಇನ್ಶೂರೆನ್ಸ್ ಸಲೀಸು.

ಆಗ ಒಂದು ಪ್ರಶ್ನೆ ಬರುತ್ತದೆ. 2022ರಲ್ಲಿ ಕತಾರಿನ ಫುಟ್ಬಾಲ್ ವಿಶ್ವಕಪ್ ನೋಡಲು ಕೇರಳದಿಂದ ಐದು ಮಕ್ಕಳ ತಾಯಿ ನಾಜಿ ನೌಶಿ ಮಹೀಂದ್ರ ಥಾರ್ ಓಡಿಸಿಕೊಂಡು ಹೋಗಲಿಲ್ಲವೇ? ಹೋದರು, ನಮ್ಮ ಹೆಣ್ಣುಮಕ್ಕಳಿಗೆ ತೋರಿಸಬೇಕಾದ ಪ್ರಯಾಣ ಅದು. ಮುಂಬೈಯಿಂದ ಒಮಾನಿಗೆ ಗಾಡಿಯನ್ನು ಹಡಗಿನಲ್ಲಿ ಕಳಿಸಿ, ಅಲ್ಲಿಂದ ಓಡಿಸಿದರು. ಆದರೆ ಅದು ಪ್ರವಾಸ. ಇಂಥ ಪ್ರವಾಸಕ್ಕೆ 'ಕಾರ್ನೆ' ಎಂಬ ಕಾಗದದ ಪುಸ್ತಕ ಉಂಟು. ಗಾಡಿಯನ್ನು ಅಲ್ಲಿ ಮಾರದೆ ವಾಪಸ್ ತರುತ್ತೇನೆ ಎಂದು ಠೇವಣಿ ಇಟ್ಟು ಪಡೆಯುವ, ಗಾಡಿಯ ಪಾಸ್‌ಪೋರ್ಟ್ ಇದ್ದ ಹಾಗೆ. ಇಖಾಮಾ ಪಡೆದು ಮೂರು ವರ್ಷ ದುಡಿಯಲು ಹೋಗುವವನಿಗೆ ಅದು ನಡೆಯುವುದಿಲ್ಲ. ಇಲ್ಲಿನ ಇಂಟರ್‌ನ್ಯಾಷನಲ್ ಲೈಸೆನ್ಸೂ ಹಾಗೆಯೇ. ಯುಎಇಯಲ್ಲಿ ರೆಸಿಡೆನ್ಸಿ ಆದ ಮೇಲೆ ಅಲ್ಲಿನದೇ ಲೈಸೆನ್ಸ್ ಬೇಕು. ಕಾರು ಸಾಗಿಸುವ ದುಡ್ಡನ್ನು ಅಲ್ಲಿನ ಡ್ರೈವಿಂಗ್ ಸ್ಕೂಲಿಗೆ ಎತ್ತಿಟ್ಟರೆ ನಾಳೆ ಕೆಲಸಕ್ಕೂ ಪ್ರಯೋಜನ.

ನಮ್ಮಂತೆ ಎಡಗಡೆ ಓಡುವ ದೇಶಗಳಿಗೆ ಹೋಗುವವರ ಕತೆ ಸ್ವಲ್ಪ ಬೇರೆ. ಬ್ರಿಟನ್ನಿಗೆ ವಾಸ ಬದಲಿಸುವವರು ಕನಿಷ್ಠ 6 ತಿಂಗಳು ತಮ್ಮ ಬಳಿ ಇದ್ದ ಕಾರಿಗೆ ಸುಂಕದ ವಿನಾಯಿತಿ ಕೇಳಬಹುದು; ಆದರೆ 10 ವರ್ಷದೊಳಗಿನ ಗಾಡಿಯಾದರೆ ಅಲ್ಲಿನ ಮಾನದಂಡದ ಒಪ್ಪಿಗೆ ಬೇಕು, ನಮ್ಮ ಸಣ್ಣ ಕಾರುಗಳಿಗೆ ಅದು ಸುಲಭ ಅಲ್ಲ. ಆಸ್ಟ್ರೇಲಿಯಾಕ್ಕೆ ಮೊದಲೇ ಅನುಮತಿ ಪಡೆಯದೆ ಹಡಗು ಹತ್ತಿಸುವಂತಿಲ್ಲ. ಕೆನ್ಯಾದಲ್ಲಿ 8 ವರ್ಷ ದಾಟಿದ ಗಾಡಿ ಬಂದರಿನಲ್ಲೇ ನಿಲ್ಲುತ್ತದೆ. ಲೆಕ್ಕ ಹಾಕಿದರೆ ಬಹುಪಾಲು ಜನರಿಗೆ ಇಲ್ಲೂ ಮಾರುವುದೇ ಲಾಭ.

ಹಾಗಾಗಿ ಕೊಂಡು ಹೋಗುವ ಪ್ರಶ್ನೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ನಮಗೆ ಚಿಂತೆ ಇರುವುದು ಆಮೇಲೆ ನಡೆಯುವುದರ ಬಗ್ಗೆ. ಕೊಂಡು ಹೋಗಲಿಕ್ಕೆ ಆಗುವುದಿಲ್ಲ ಅಂತ ಗೊತ್ತಾದ ಕೂಡಲೇ ನಮ್ಮವರು ಗಡಿಬಿಡಿಯಲ್ಲಿ ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ಗೆಳೆಯನ ಕೈಗೆ ಕೀ ಕೊಟ್ಟು "ನೀನೇ ನೋಡಿಕೋ" ಅನ್ನುತ್ತಾರೆ, ಇಲ್ಲವೇ ಬ್ರೋಕರ್ ತಂದ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ, ನೋಟು ಎಣಿಸಿ, ವಿಮಾನ ಹತ್ತುತ್ತಾರೆ. ಆರ್‌ಸಿಯಲ್ಲಿ ಹೆಸರು ಹಾಗೇ ಉಳಿಯುತ್ತದೆ.

ಹೆಸರು ಉಳಿದರೆ ಏನಾಗುತ್ತದೆ ಅನ್ನುವುದನ್ನು ಸುಪ್ರೀಂ ಕೋರ್ಟ್ 2018ರ ಫೆಬ್ರವರಿ 6ರಂದು ಬಿಡಿಸಿ ಹೇಳಿದೆ. 2007ರಲ್ಲಿ ಒಬ್ಬರು ಮಾರುತಿ ಕಾರು ಮಾರಿದ್ದರು. ಅದು ಕೈಯಿಂದ ಕೈಗೆ ದಾಟಿತು, ಯಾರೂ ಹೆಸರು ಬದಲಿಸಲಿಲ್ಲ. 2009ರಲ್ಲಿ ಅಪಘಾತ ಆಯಿತು. ಪರಿಹಾರ ಕೊಡಬೇಕಾದವರು ಯಾರು? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅವರದೇ ಹೊಣೆ ಎಂದಿತು ಕೋರ್ಟು. ಗಾಯಾಳುಗಳು ಒಬ್ಬ ಕೊಳ್ಳುಗನಿಂದ ಇನ್ನೊಬ್ಬ ಕೊಳ್ಳುಗನ ಮನೆ ಹುಡುಕಿಕೊಂಡು ಅಲೆಯಬೇಕಾಗಿಲ್ಲ ಎಂಬುದು ಅದರ ನ್ಯಾಯ. ಅದು ಸರಿಯೂ ಹೌದು, ಅಪಘಾತದಲ್ಲಿ ಮಗುವನ್ನು ಕಳಕೊಂಡ ತಾಯಿಗೆ ನಮ್ಮ ಬ್ರೋಕರನ ವಿಳಾಸ ಎಲ್ಲಿಂದ ಗೊತ್ತಾಗಬೇಕು? ಇನ್ಶೂರೆನ್ಸ್ ಚಾಲ್ತಿಯಲ್ಲಿದ್ದರೆ ಕಂಪನಿ ಕೊಡುತ್ತದೆ. ಕೊಂಡವ ಇನ್ಶೂರೆನ್ಸ್ ಕಟ್ಟದೆ ಓಡಿಸುತ್ತಿದ್ದರೆ? ನೋಟಿಸು ಖಾನಾಪುರದ ಹಳೆಯ ಬಾಡಿಗೆ ಮನೆಗೆ ಬರುತ್ತದೆ. ಜುಬೈಲಿನಲ್ಲಿ ಇರುವವನಿಗೆ ಅದು ತಿಳಿಯುವುದು ರಜೆಯಲ್ಲಿ ಬಂದಾಗ, ಆಗಲೇ ತೀರ್ಪೂ ಆಗಿರಬಹುದು.

ಬೆಳಗಾವಿಯಲ್ಲಿ ಈ ಅಪಾಯ ಬೇರೆ ಕಡೆಗಿಂತ ಹೆಚ್ಚು ಅನ್ನಲು ಕಾರಣ ಉಂಟು. ಇದು ಗಡಿ ಊರು. ಕೆಎ-22 ನಂಬರಿನ ಗಾಡಿ ಕೊಳ್ಳಲು ಕೊಲ್ಲಾಪುರದಿಂದ, ಗೋವಾದಿಂದ ಜನ ಬರುತ್ತಾರೆ, ದರವೂ ಚೆನ್ನಾಗಿ ಕೊಡುತ್ತಾರೆ. ಆದರೆ ರಾಜ್ಯ ದಾಟಿ ಹೋದ ಗಾಡಿಗೆ ಹೆಸರು ಬದಲಿಸಲು ಇಲ್ಲಿನ ಆರ್‌ಟಿಒ ಎನ್‌ಒಸಿ ಬೇಕು, ಅದಕ್ಕೆ ಫಾರಂ 28. ರಾಜ್ಯದೊಳಗೆ ಮಾರಿದರೆ 14 ದಿನದಲ್ಲಿ, ಹೊರಗೆ ಮಾರಿದರೆ 45 ದಿನದಲ್ಲಿ ಮಾರಿದವನೇ ಆರ್‌ಟಿಒಗೆ ತಿಳಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಹೇಳುತ್ತದೆ. ಮಾರಿದವನೇ, ಗಮನಿಸಿ. "ಕೊಂಡವ ಮಾಡಿಸಿಕೊಳ್ಳುತ್ತಾನೆ" ಅಂತ ಮಾರಿದವ ಸುಮ್ಮನಿರಲು ಕಾನೂನಿನಲ್ಲಿ ಅವಕಾಶ ಇಲ್ಲ. ಡೀಲರಿಗೆ ಕೊಡುವುದಾದರೆ ಆರ್‌ಟಿಒ ಮಾನ್ಯತೆ ಪತ್ರ ಇರುವವರಿಗೇ ಕೊಡಿ. 2023ರ ಏಪ್ರಿಲ್ 1ರಿಂದ ಬಂದ ನಿಯಮದಂತೆ, ಗಾಡಿ ಒಪ್ಪಿಸಿದ್ದನ್ನು ಆನ್‌ಲೈನಿನಲ್ಲಿ ದಾಖಲಿಸಿದರೆ ಆಮೇಲಿನ ಹೊಣೆ ಆ ಡೀಲರಿನದು.

ಗೋವಾ ಅಂದಾಗ ಇನ್ನೊಂದು ಮಾತು. ಗಾಡಿ ಸುಮ್ಮನೆ ನಿಲ್ಲುವುದು ಯಾಕೆ, ವೀಕೆಂಡಿಗೆ ಗೋವಾ ಹೋಗುವ ಹುಡುಗರಿಗೆ ಬಾಡಿಗೆಗೆ ಬಿಡೋಣ ಅನ್ನುವ ಸಲಹೆ ಕೊಡುವವರಿದ್ದಾರೆ. ಬಾಡಿಗೆ ಗಾಡಿಗೆ ಕಪ್ಪು ಫಲಕದಲ್ಲಿ ಹಳದಿ ಅಕ್ಷರ ಬೇಕು, ಪರವಾನಗಿ ಬೇಕು. ಬಿಳಿ ಬೋರ್ಡಿನ ಗಾಡಿ ಚೋರ್ಲಾ ಘಾಟಿಯಲ್ಲಿ ಬಿದ್ದರೆ ಇನ್ಶೂರೆನ್ಸ್ ಕಂಪನಿಗೆ ಕೈತೊಳೆಯಲು ಅದೊಂದೇ ಕಾರಣ ಸಾಕು.

ಮನೆಯಲ್ಲೇ ಬಿಟ್ಟು ಹೋಗುವುದು ಸುರಕ್ಷಿತವೇ? ಖಾನಾಪುರದ ಮಳೆ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಜಾಂಬೋಟಿ, ಕಣಕುಂಬಿ ಕಡೆ ಜೂನಿನಲ್ಲಿ ಹಿಡಿದರೆ ಬಿಡುವ ಹೆಸರಿಲ್ಲ. ನಿಂತ ಗಾಡಿಯ ಬ್ಯಾಟರಿ ಕೂರುತ್ತದೆ, ಬ್ರೇಕಿಗೆ ತುಕ್ಕು, ವೈರು ಇಲಿಗೆ. ಅದಕ್ಕಿಂತ ದೊಡ್ಡ ವಿಷಯ, ಮನೆಯಲ್ಲಿ ಹದಿನಾರು ಹದಿನೇಳರ ಹುಡುಗ ಇದ್ದರೆ ಕೀ ಎಲ್ಲಿದೆ ಅಂತ ಅವನಿಗೆ ಗೊತ್ತಿರುತ್ತದೆ. 2019ರಲ್ಲಿ ಕಾಯ್ದೆಗೆ ಸೇರಿದ 199ಎ ಸೆಕ್ಷನ್ ಪ್ರಕಾರ ಅಪ್ರಾಪ್ತ ವಯಸ್ಸಿನವರು ಓಡಿಸಿ ಅಪರಾಧ ಆದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. "ನನಗೆ ಗೊತ್ತೇ ಇರಲಿಲ್ಲ" ಅಂತ ಸಾಬೀತು ಮಾಡುವ ಹೊರೆಯೂ ಮಾಲೀಕರದೇ. ಪರದೇಶದಲ್ಲಿ ಕೂತು ಅದನ್ನು ಸಾಬೀತು ಮಾಡುವುದು ಹೇಗೆ?

ಇಷ್ಟೆಲ್ಲ ಹೇಳಿದರೂ ಎಲ್ಲರೂ ಮಾರಿಬಿಡಿ ಅನ್ನುವುದು ನಮ್ಮ ಅಭಿಪ್ರಾಯ ಅಲ್ಲ. ಖಾನಾಪುರದ ಮನೆಯಲ್ಲಿ ಉಮ್ಮನಿಗೆ ರಾತ್ರಿ ಎದೆನೋವು ಬಂದರೆ ದೊಡ್ಡ ಆಸ್ಪತ್ರೆ ಇರುವುದು ಬೆಳಗಾವಿಯಲ್ಲಿ, 25 ಕಿಲೋಮೀಟರು ದೂರ. ಅಂಥ ಮನೆಗೆ ಗಾಡಿ ಬೇಕು. ಆದರೆ ಅದನ್ನು ಓಡಿಸುವವರು ಮನೆಯಲ್ಲೇ ಇರಬೇಕು, ಮತ್ತು ಗಾಡಿ ಅವರ ಹೆಸರಿನಲ್ಲೇ ಇರಬೇಕು. ವೀಸಾಕ್ಕೆ ಕಾಯುವ ಎರಡು ಮೂರು ತಿಂಗಳಲ್ಲಿ ಹೆಂಡತಿ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆಯಬಹುದು. ಸೌದಿಯಲ್ಲೇ 2018ರ ಜೂನಿನಿಂದ ಹೆಂಗಸರು ಕಾರು ಓಡಿಸುತ್ತಿದ್ದಾರೆ. ಅಲ್ಲಿ ದುಡಿಯುವವನ ಹೆಂಡತಿ ಇಲ್ಲಿ ಓಡಿಸಿದರೆ ಯಾರಿಗೆ ಎಂತ ತೊಂದರೆ? ಅವರ ಹೆಸರಿಗೆ ಆರ್‌ಸಿ ಮಾಡಿಸಿ, ಇನ್ಶೂರೆನ್ಸನ್ನೂ 14 ದಿನದೊಳಗೆ ಅವರ ಹೆಸರಿಗೆ ಬದಲಿಸಿ. ಬ್ಯಾಂಕಿನ ಸಾಲ ತೀರಿದ್ದರೆ ಫಾರಂ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವುದನ್ನು ಅದಕ್ಕೂ ಮೊದಲು ಮಾಡಬೇಕು. ಎಷ್ಟೋ ಜನ ಸಾಲ ಕಟ್ಟಿ ಮುಗಿಸಿ ಇದನ್ನು ಮರೆತಿರುತ್ತಾರೆ, ಮಾರುವ ದಿನ ನೆನಪಾಗುತ್ತದೆ.

ಎಲ್ಲವನ್ನೂ ಹೊರಡುವ ಮೊದಲೇ ಮಾಡಿ ಅನ್ನಲು ಕಾರಣ ಒಟಿಪಿ. ಆರ್‌ಟಿಒ ಕೆಲಸ ಈಗ ಬಹುತೇಕ ಆನ್‌ಲೈನ್, ಒಟಿಪಿ ಬರುವುದು ಇಲ್ಲಿನ ಸಿಮ್ಮಿಗೆ. ಅಲ್ಲಿ ಹೋಗಿ ಆರು ತಿಂಗಳಾಗುವಾಗ ರೀಚಾರ್ಜ್ ಇಲ್ಲದೆ ಆ ನಂಬರೇ ಸತ್ತಿರುತ್ತದೆ. ಆಮೇಲೆ ಭಾರತದ ದೂತಾವಾಸಕ್ಕೆ ಹೋಗಿ ಪವರ್ ಆಫ್ ಅಟಾರ್ನಿ ಮಾಡಿಸಬೇಕು, ಅದು ಊರು ತಲುಪಿ ಮೂರು ತಿಂಗಳೊಳಗೆ ಇಲ್ಲಿ ಸ್ಟಾಂಪ್ ಆಗಬೇಕು. ಒಂದು ದಿನದ ರಜೆ, ಅಲ್ಲಿನ ಟ್ಯಾಕ್ಸಿ ಬಾಡಿಗೆ ಎಲ್ಲ ಸೇರಿದರೆ ಬ್ರೋಕರ್ ಉಳಿಸಿಕೊಟ್ಟ ದುಡ್ಡು ಅಲ್ಲಿಗೇ ಹೋಯಿತು.

ಮಾರುವವರು ಇನ್ಶೂರೆನ್ಸ್ ಕಂಪನಿಯಿಂದ ನೋ ಕ್ಲೈಮ್ ಬೋನಸ್ಸಿನ ಪತ್ರ ಕೇಳಿ ಪಡೆಯಿರಿ. ಅದು 3 ವರ್ಷ ಚಾಲ್ತಿಯಲ್ಲಿರುತ್ತದೆ. ಮೊದಲ ಕರಾರು ಮುಗಿಸಿ ವಾಪಸ್ ಬಂದು ಇಲ್ಲಿ ಹೊಸ ಗಾಡಿ ಕೊಂಡರೆ ಪ್ರೀಮಿಯಂ ಇಳಿಯುತ್ತದೆ. ಕೀ ಕೊಡುವ ಮೊದಲು ಗಾಜಿನ ಮೇಲಿನ ಫಾಸ್ಟ್ಯಾಗ್ ಕ್ಲೋಸ್ ಮಾಡಿಸಿ. ಇಲ್ಲದಿದ್ದರೆ ಕೊಂಡವ ಹೆದ್ದಾರಿಯ ಟೋಲ್ ದಾಟಿದ ಹಾಗೆಲ್ಲ ದುಡ್ಡು ನಿಮ್ಮ ಖಾತೆಯಿಂದ ಹೋಗುತ್ತಿರುತ್ತದೆ.